ಮೂವತ್ತೊಂದರ ತನಕ

ದಾದರಿನ ಕಳೆದ ಸಾಮಾನಿನ ಕಚೇರಿಯಲ್ಲಿ
ನನ್ನದು ಮೂಲೆಯ ಕುರ್ಚಿ, ಒಂದು ಕೀಬೋರ್ಡು,
ಸ್ಪೇಸ್‌ಬಾರಿನ ಅಡಿಯಲ್ಲಿ ಯಾರದೋ ಫರಸಾಣಿನ ಪುಡಿ.
ಲೋಕಲ್ಲಿನಲ್ಲಿ ಜನ ಬಿಟ್ಟಿಳಿದದ್ದೆಲ್ಲ ಇಲ್ಲಿ ಸಾಲಾಗುತ್ತದೆ:
ಏನು, ಯಾವ ಗಾಡಿ, ಯಾವ ದಿನ, ಎಷ್ಟು ಹೊತ್ತಿಗೆ.

ಆಗಸ್ಟ್ ಇಪ್ಪತ್ತಕ್ಕೆ ನಳಿನಿ ತಾಂಡೇಲ್ ಬಂದಳು,
ಪರೇಲಿನ ಲ್ಯಾಬಿನಿಂದ ಕ್ಲಿನಿಕ್ಕುಗಳಿಗೆ
ಕಟ್ಟಿದ ಹಲ್ಲು ಹೊರುವವಳು.
ಠಾಣೆ ಮುಗಿಸಿ, ಕಲ್ಯಾಣ ಮುಗಿಸಿ, ಕೊನೆಗೆ ನನ್ನ ಕಿಟಕಿ.
"ನೀಲಿ ಡಬ್ಬಿ. ಒಳಗೆ ಕೆಳದವಡೆಯ ಪೂರಾ ಸೆಟ್ಟು.
ಮುಲುಂಡಿನ ಅಜ್ಜ ಮೂರು ವಾರದಿಂದ ಗಂಜಿಯ ಮೇಲಿದಾನೆ.
ತಾರೀಖು ನೆನಪಿಲ್ಲ. ಜುಲೈ ಅಂತೂ ಹೌದು,
ಪಗಾರ ಇನ್ನೂ ಆಗಿರಲಿಲ್ಲ."

ಬರೆದೆ: ದಿನಾಂಕ ಬಿಟ್ವೀನ್
ಜುಲೈ ಒಂದು, ಜುಲೈ ಮೂವತ್ತೊಂದು.
ಎಂಟರ್.
ನಾನೂರ ಹನ್ನೆರಡು ಸಾಲು ಇಳಿದವು.
ಛತ್ರಿ, ಛತ್ರಿ, ಟಿಫಿನ್, ಛತ್ರಿ,
ಹಂಚದೇ ಉಳಿದ ಲಗ್ನಪತ್ರಿಕೆಯ ಕಟ್ಟು,
ಒಂದು ಊರುಗೋಲು
(ಅದನ್ನು ಮರೆತವರು ಇಳಿದದ್ದಾದರೂ ಹೇಗೋ).
ಹಲ್ಲಿಲ್ಲ.
"ಇಲ್ಲ" ಅಂದೆ. ಸ್ಕ್ರೀನು ಹೇಳಿದ್ದನ್ನು ಹೇಳುವಾಗ
ದನಿ ಎಷ್ಟು ಗಟ್ಟಿಯಾಗಿರುತ್ತದೆ!
"ಇನ್ನೊಂದು ಸಲ ನೋಡಿ."
ಅದನ್ನೇ ಮತ್ತೆ ಒತ್ತಿದೆ. ಅದೇ ನಾನೂರ ಹನ್ನೆರಡು.
"ಹಾಗಾದರೆ ನನ್ನ ಪಗಾರದಲ್ಲೇ ಹಿಡೀತಾರೆ,"
ಅಂದಳು, ನನಗಲ್ಲ, ಕೈಯಲ್ಲಿದ್ದ ಛತ್ರಿಗೆ.

ಮೂರಕ್ಕೆ ಡಬ್ಬಿ ಬಿಚ್ಚಲು ರ‍್ಯಾಕುಗಳ ಹಿಂದೆ ಹೋದೆ.
ಮೂರನೇ ಹಲಗೆ, ಕಣ್ಣಿನ ನೇರಕ್ಕೆ, ನೀಲಿ.
ಅಲ್ಲಾಡಿಸಿದರೆ ಗಡಗಡ.
ಮುಚ್ಚಳ ತೆಗೆದೆ, ಅರ್ಧ ನಗು:
ಮಿಕ್ಕರ್ಧ ಮುಲುಂಡಿನಲ್ಲಿತ್ತಲ್ಲ.
ಚೀಟಿಯಲ್ಲಿ ನಮ್ಮದೇ ಅಕ್ಷರ:
ಜುಲೈ ೩೧, ಸಂಜೆ ೬:೪೨, ಕಲ್ಯಾಣ್ ಸ್ಲೋ.

ಚಪಾತಿ ಕೈಯಲ್ಲೇ ಉಳಿಯಿತು.
ಮೂವತ್ತೊಂದು ಅಂದಿದ್ದೆ ನಾನು, ಹೊತ್ತು ಹೇಳಿರಲಿಲ್ಲ.
ಹೇಳದೆ ಬಿಟ್ಟ ಹೊತ್ತಿಗೆ ಯಂತ್ರ ಸೊನ್ನೆ ತುಂಬಿಕೊಳ್ಳುತ್ತದೆ.
ಮೂವತ್ತೊಂದರ ಹೊಸಿಲು ಮುಟ್ಟಿದೆ, ನಿಜ,
ಮಧ್ಯರಾತ್ರಿಯ ಆ ಒಂದು ಗಳಿಗೆಯನ್ನು ಮುಟ್ಟಿ
ಚಪ್ಪಲಿಯನ್ನೂ ಬಿಡದೆ ಹಿಂದಿರುಗಿದೆ.
ಒಳಗಿನ ಇಡೀ ಹಗಲು, ಸಂಜೆ, ಆರೂ ನಲವತ್ತೆರಡರ ನೂಕುನುಗ್ಗಲು
ಯಾರೂ ಕರೆಯದ ಹಾಗೆ ಕೂತಿದ್ದವು.

ಮನೆ ತನಕ ಬಿಡ್ತೀನಿ ಅಂದ ಸೋದರಮಾವ
ಗೇಟಿನಿಂದಲೇ ತಿರುಗಿದ್ದುಂಟು,
ಉಂಡು, ಮಲಗಿ, ಮರುದಿನ ಕಾಫಿ ಕೇಳಿದ್ದೂ ಉಂಟು.
ನಮ್ಮ ತನಕ ಎರಡಕ್ಕೂ ಒಗ್ಗುತ್ತದೆ.
ದಾದರ್ ತನಕ ಟಿಕೆಟ್ಟು ತೆಗೆದವರು
ಪರೇಲಿನಲ್ಲಿ ಹಾರುವುದಿಲ್ಲ, ಕೇಳಬೇಕಾಗಿಲ್ಲ.
ಯಂತ್ರಕ್ಕೆ ದಾಕ್ಷಿಣ್ಯವಿಲ್ಲ, ಅದಕ್ಕೆ ಹೀಗನ್ನಬೇಕು:
ಜುಲೈ ಒಂದು ಅಥವಾ ಆಮೇಲೆ,
ಆಗಸ್ಟ್ ಒಂದಕ್ಕಿಂತ ಮೊದಲು.
ಮುಗಿಯುವುದನ್ನು ಹೇಳಬಾರದು;
ಮುಂದಿನದು ಶುರುವಾಗುವುದನ್ನು ಹೇಳಿ
ಅದರ ಈಚೆಗೆ ನಿಲ್ಲು ಅನ್ನಬೇಕು.

ಹಾಗಂದೆ. ನಾನೂರ ಮೂವತ್ತೊಂದು.
ಹೊಸದಾಗಿ ಬಂದ ಹತ್ತೊಂಬತ್ತು ಸಾಲಿನಲ್ಲಿ
ಹಲ್ಲು, ಹಾರ್ಮೋನಿಯಮ್ಮಿನ ಒಂದು ಪಟ್ಟಿ,
ಮಗುವಿನ ಎಡಗಾಲಿನ ಬೂಟು.

ನಳಿನಿಗೆ ಫೋನು ಮಾಡಿದೆ. ಬೈದಳು, ಬಂದಳು, ಸಹಿ ಹಾಕಿದಳು.
ಆದರೆ ಆರು ವರ್ಷದಿಂದ ಇದೇ ಕುರ್ಚಿ,
ಎಪ್ಪತ್ತು ಚಿಲ್ಲರೆ ತಿಂಗಳ ಕಡೆಯ ದಿನ,
ಒಂದೊಂದಕ್ಕೂ ಯಾರೋ ಒಬ್ಬರು ಕಿಟಕಿಗೆ ಬಂದಿರಬೇಕು,
ಗಟ್ಟಿ ದನಿಯಲ್ಲಿ ನಾನು ಇಲ್ಲ ಅಂದಿರಬೇಕು.

ಸಂಜೆ ಘರತ್ ಸಾಹೇಬರು ನನ್ನ ಗುತ್ತಿಗೆಯ ಕಾಗದ ಚಾಚಿದರು:
ಅವಧಿ, ಸೆಪ್ಟೆಂಬರ್ ಮೂವತ್ತರ ತನಕ.
"ಮೂವತ್ತೂ ಸೇರಿ ತಾನೇ, ಸಾಹೇಬ್ರೇ?"
ಅವರು ಪೆನ್ನಿನ ಮುಚ್ಚಳ ತೆಗೆದರು,
ಹಾಕಿದರು.